ಬ್ಯಾಟರಿ ತೆಗೆದು ಹತ್ತು ಎಣಿಸಿರಿ

ಇಂಥ ಫಜೀತಿಗಳು ನನ್ನ ಪಾಲಿಗೆ ಬರುತ್ತಲೇ ಇರುತ್ತವೆ. ನಾನೇನೂ ಹುಡುಕಿಕೊಂಡು ಹೋದವನಲ್ಲ. ಎರಡು ಸಾವಿರದ ಇಸವಿ ದಾಟಿದ ಮೇಲೆ ಕೊಟ್ಟೂರಿನ ಬಸ್‌ಸ್ಟ್ಯಾಂಡ್ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಯಾವ ಊರಿನಲ್ಲಿ ಲ್ಯಾಪ್‌ಟಾಪು ನಿಧಾನವಾದರೂ ನಾನೇ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋಗಬೇಕು. ಲ್ಯಾಪ್‌ಟಾಪು ಕೆಟ್ಟರೆ ಸರಿಮಾಡಬಹುದು. ಅದರ ಜೊತೆಗೆ ಬರುವ ಮನೆಮಂದಿಗೆ ನನ್ನ ಬ್ಯಾಗಿನಲ್ಲಿ ಯಾವ ಸ್ಕ್ರೂಡ್ರೈವರೂ ಇಲ್ಲ.

ನನಗೆ ಎರಡು ಅಭ್ಯಾಸಗಳಿದ್ದವು. ಒಂದು, ಯಾರು ಫೋನು ಮಾಡಿದರೂ ಮೊದಲು ಹೇಳುತ್ತಿದ್ದ ಮಾತು: "ಬ್ಯಾಟರಿ ತಗದು, ಹತ್ತು ಎಣಿಸಿ, ಮತ್ತ ಹಾಕ್ರಿ." ಅರ್ಧ ರೋಗ ಇದರಿಂದಲೇ ವಾಸಿಯಾಗುತ್ತಿತ್ತು, ನನಗೆ ಬಸ್ಸು ಹತ್ತುವುದು ತಪ್ಪುತ್ತಿತ್ತು. ಇನ್ನೊಂದು, ಏನು ಕೆಟ್ಟಿತ್ತು, ನಾನು ಏನು ಮಾಡಿದೆ ಎಂಬುದನ್ನು ಸಣ್ಣ ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿನ ಅಡಿಗೆ ಅಂಟಿಸುವುದು. ನನಗೆ ರೇಡಿಯೋ ರಿಪೇರಿ ಕಲಿಸಿದ ಯಜಮಾನರು "ಬಿಚ್ಚಿದ್ದನ್ನ ಬರದಿಡು, ಬರದಿದ್ದನ್ನ ಮುಚ್ಚಿಡಬ್ಯಾಡ" ಎನ್ನುತ್ತಿದ್ದರು. ಅವರ ಮಾತನ್ನು ನಾನು ಶಾಸನದಂತೆ ಪಾಲಿಸಿದೆ. ಮುಂದೆ ಆದದ್ದಕ್ಕೆಲ್ಲ ಈ ಎರಡು ಅಭ್ಯಾಸಗಳೇ ಕಾರಣ.

ವಿಭೂತಿ

ಕೊಟ್ಟೂರಿನ ಬಟ್ಟೆ ಅಂಗಡಿಯ ಯಜಮಾನರು ಲ್ಯಾಪ್‌ಟಾಪು ತಂದರು. ಕಾವಲಿಯಷ್ಟು ಕಾಯುತ್ತದೆ, ಒಂದು ಅಕ್ಷರ ಒತ್ತಿದರೆ ಅದು ಮೂಡುವಷ್ಟರಲ್ಲಿ ಗಿರಾಕಿ ಎದ್ದು ಹೋಗುತ್ತಾನೆ ಎಂದರು. ಬಿಚ್ಚಿ ನೋಡಿದೆ. ಆಯುಧ ಪೂಜೆಯ ದಿನ ಅವರ ತಾಯಿ ತಕ್ಕಡಿ, ಅಳತೆ ಪಟ್ಟಿ, ಕತ್ತರಿಗಳ ಸಾಲಿನಲ್ಲಿ ಇದನ್ನೂ ಇಟ್ಟು ಮೂರು ಬೆರಳ ವಿಭೂತಿ ಹಚ್ಚಿದ್ದರು. ಹಚ್ಚಿದ್ದು ಸರಿಯಾಗಿ ಗಾಳಿ ಹೋಗುವ ಕಿಂಡಿಯ ಮೇಲೆ. ಕುಂಕುಮ, ಎರಡು ಅಕ್ಷತೆ ಕಾಳು, ಒಂದು ಚೆಂಡುಹೂವಿನ ಎಸಳು ಸಹಿತ ಎಲ್ಲ ಒಳಗಿನ ಫ್ಯಾನಿಗೆ ಮೆತ್ತಿಕೊಂಡಿತ್ತು. ಬ್ರಷ್ಷಿನಿಂದ ಒರೆಸಿ, ಪದ್ಧತಿಯಂತೆ ಚೀಟಿ ಬರೆದು ಅಂಟಿಸಿದೆ: "ವಿಭೂತಿ ತೆಗೆದಿದೆ. ಈಗ ಚೆನ್ನಾಗಿದೆ."

ಮರುದಿನ ಯಜಮಾನರು ಲ್ಯಾಪ್‌ಟಾಪಿನ ಜೊತೆ ತಾಯಿಯನ್ನೂ ಕರೆದುಕೊಂಡು ಬಂದರು. ಅಜ್ಜಿ ಚೀಟಿಯ ಮೇಲೆ ಬೆರಳಿಟ್ಟು ಕೇಳಿದರು.

"ವಿಭೂತಿ ತೆಗದ ಮ್ಯಾಲೆ ಚಲೋ ಆತು ಅಂತ ಬರದೀಯಲ್ಲಪ್ಪ, ನೀ ಯಾರ ಪೈಕಿ?"

ನಾನು ಗಾಳಿ, ಕಿಂಡಿ, ಫ್ಯಾನು ಎಂದು ವಿವರಿಸಿದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡರು. ಕೊನೆಗೆ ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ವಿಭೂತಿ, ಕಿಂಡಿಗೆ ಏನೂ ಇಲ್ಲ ಎಂದು ರಾಜಿಯಾಯಿತು. ಏಳುವ ಮೊದಲು ಅಜ್ಜಿ ಸೆರಗಿನ ಗಂಟು ಬಿಚ್ಚಿ ನನ್ನ ಹಣೆಗೂ ಮೂರು ಬೆರಳು ಎಳೆದು, "ಈಗ ನೀನೂ ಚಲೋ ಕೆಲಸ ಮಾಡ್ತಿ" ಎಂದರು. ಅಂದು ಸಂಜೆಯವರೆಗೆ ನನ್ನ ಕೈಗೆ ಬಂದದ್ದೆಲ್ಲ ರಿಪೇರಿಯಾಯಿತು. ಇದನ್ನು ನಾನು ಯಾರಿಗೂ ಹೇಳಿಲ್ಲ.

ಮೂವರು ಅಳಿಯಂದಿರು

ಹೊಸಹಳ್ಳಿಯ ಗೌಡರೊಬ್ಬರ ಲ್ಯಾಪ್‌ಟಾಪು ಬೆಳಿಗ್ಗೆ ಆನ್ ಮಾಡಿದರೆ ಪೂಜೆ, ನಾಷ್ಟಾ ಮುಗಿಸಿ ಬರುವ ಹೊತ್ತಿಗೆ ತೆರೆದುಕೊಳ್ಳುತ್ತಿತ್ತು. ಒಳಗೆ ನೋಡಿದರೆ ವೈರಸ್ ಹಿಡಿಯುವ ಆಂಟಿವೈರಸ್ ಒಂದಲ್ಲ, ಮೂರು. ಮೂರೂ ಒಂದನ್ನೊಂದು ಕಳ್ಳನೆಂದು ಹಿಡಿದುಕೊಂಡು ಕೂತಿದ್ದವು.

"ಎರಡು ತೆಗೀಬೇಕ್ರಿ ಗೌಡ್ರೇ" ಎಂದೆ.

"ತೆಗಿಯಾಕ ಬರಂಗಿಲ್ಲೋ ತಮ್ಮಾ. ಹಿರೇ ಅಳಿಯ ಒಂದು ಹಾಕ್ಯಾನ, ನಡುವಿನಾಂವ ಒಂದು ಹಾಕ್ಯಾನ, ಸಣ್ಣಾಂವ ಒಂದು. ಈಗ ಯಾವ ಅಳಿಯನ್ನ ಹೊರಗ ಹಾಕ್ಲಿ, ನೀನ ಹೇಳು."

ದೀಪಾವಳಿಗೆ ಮೂವರೂ ಬರುವವರಿದ್ದರು, ಬಂದವರು ಮೊದಲು ನೋಡುವುದೇ ತಾವು ಹಾಕಿದ್ದು ಇದೆಯೋ ಇಲ್ಲವೋ ಎಂದು. ಕಡೆಗೆ ಎರಡನ್ನು ತೆಗೆದೆ, ಆದರೆ ಮೂರರ ಚಿತ್ರಗಳನ್ನೂ ಪರದೆಯ ಮೇಲೆ ಇದ್ದಲ್ಲೇ ಬಿಟ್ಟೆ. ಚೀಟಿ ಬರೆಯುವಾಗ ಗೌಡರು ನನ್ನ ಕೈ ಹಿಡಿದರು.

"ಅದನ್ನ ಅಡಿಗೆ ಹಚ್ಚಿದ್ರ ಅಳಿಯಂದ್ರು ಓದ್ತಾರ."

"ಬರೀದೆ ಇರಾಕ ನನಗ ಆಗಂಗಿಲ್ರಿ."

ಕೊನೆಗೆ ಒಂದು ದಾರಿ ಹೊಳೆಯಿತು. ಬ್ಯಾಟರಿ ತೆಗೆದು ಅದರ ಗುಳಿಯಲ್ಲಿ ಚೀಟಿ ಅಂಟಿಸಿ, ಮೇಲೆ ಬ್ಯಾಟರಿ ಕೂರಿಸಿದೆ. ಅಲ್ಲಿ ಯಾರು ನೋಡುತ್ತಾರೆ? ಅಜ್ಜಿಯ ಪ್ರಕರಣವೂ ನೆನಪಿನಲ್ಲಿತ್ತು. ಆ ದಿನದಿಂದ ನನ್ನ ಚೀಟಿಗಳೆಲ್ಲ ಬ್ಯಾಟರಿಯ ಅಡಿಗೇ ಹೋದವು. ಇಂಥ ಒಳ್ಳೆಯ ಜಾಗ ಇಷ್ಟು ದಿನ ಹೊಳೆಯಲಿಲ್ಲವಲ್ಲ ಎಂದು ನನ್ನನ್ನು ನಾನೇ ಬೈದುಕೊಂಡೆ.

ದೀಪಾವಳಿ ಮುಗಿದ ಮೇಲೆ ಗೌಡರು ಸಿಕ್ಕು ಹೇಳಿದರು: "ಮೂವರೂ ಬಂದಿದ್ರು. ಲ್ಯಾಪ್‌ಟಾಪು ಜೋರು ಓಡೂದು ನೋಡಿ, ಇದು ನನ್ನದ ಪ್ರತಾಪ ಅಂತ ಮೂವರೂ ಅಂದ್ರು. ಈಗ ಅದಕ್ಕೂ ಜಗಳ ಹತ್ತೈತಿ."

ಹಡಗಲಿಯ ವಕೀಲರು

ಇದು ಸಣ್ಣದು. ಹಡಗಲಿಯ ವಕೀಲರೊಬ್ಬರು ಮೊಬೈಲಿನಿಂದ ಫೋನು ಮಾಡಿ, ಲ್ಯಾಪ್‌ಟಾಪು ಅಲುಗಾಡುತ್ತಿಲ್ಲ, ಕಕ್ಷಿದಾರರು ಎದುರಿಗೆ ಕೂತಿದ್ದಾರೆ, ಮರ್ಯಾದೆ ಪ್ರಶ್ನೆ ಎಂದರು. ನಾನು ನನ್ನ ಮಂತ್ರ ಹೇಳಿದೆ. "ಬ್ಯಾಟರಿ ತಗದು, ಹತ್ತು ಎಣಿಸಿ, ಮತ್ತ ಹಾಕ್ರಿ."

ಫೋನು ಕಟ್ಟಾಯಿತು. ಒಂದೆರಡು ನಿಮಿಷ ಬಿಟ್ಟು ಅವರೇ ಮತ್ತೆ ಮಾಡಿದರು.

"ನೀವು ಹೇಳಿದಂಗ ಮೊಬೈಲಿನ ಬ್ಯಾಟರಿ ತಗದು ಹತ್ತು ಎಣಿಸಿ ಹಾಕಿದೆ. ಮೊಬೈಲು ಚಲೋ ಅದ. ಲ್ಯಾಪ್‌ಟಾಪಿಗೇನೂ ಗುಣ ಕಾಣ್ವಲ್ದು."

ಚೆಕಿಂಗ್ ಸಾಹೇಬರ ಮನೆ

ಹಗರಿಬೊಮ್ಮನಹಳ್ಳಿಯಲ್ಲಿ ಒಬ್ಬರು ನಿವೃತ್ತ ಚೆಕಿಂಗ್ ಸಾಹೇಬರು. ಮೂವತ್ತು ವರ್ಷ ನಡುದಾರಿಯಲ್ಲಿ ಬಸ್ಸು ಹತ್ತಿ ಟಿಕೆಟ್ ಇಲ್ಲದವರನ್ನು ಇಳಿಸಿದವರು. ಹೆಂಡತಿ ತೀರಿಕೊಂಡಿದ್ದರು. ಮನೆಯಲ್ಲಿ ಬಿ.ಎಡ್. ಓದಲು ಆಗಷ್ಟೇ ಸೇರಿದ್ದ ಮಗಳು, ಮತ್ತು ಅರಸೀಕೆರೆಯಿಂದ ಬಂದು ಉಳಿದಿದ್ದ ಸಾಹೇಬರ ಅಕ್ಕ. ಅಕ್ಕನವರು ಬಂದದ್ದೇ ಈ ಹುಡುಗಿಯ ಮದುವೆ ಮಾಡಿಸಲು. ಯಾರೋ ಅವರಿಗೆ, ಈಗ ಗಂಡುಗಳೆಲ್ಲ ಕಂಪ್ಯೂಟರಿನಲ್ಲಿ ಸಿಗುತ್ತಾರೆ ಎಂದು ಹೇಳಿಬಿಟ್ಟಿದ್ದರು.

ನಾನು ಹೋದಾಗ ದೂರು ಎರಡಿದ್ದವು. ಲ್ಯಾಪ್‌ಟಾಪು ನಿಧಾನ, ಮತ್ತು ವರಗಳ ಮೂರು ಸೈಟುಗಳೂ ತೆರೆಯುತ್ತಿಲ್ಲ. ಮೊದಲನೆಯದು ಸುಲಭ. ಯಾರ್‍ಯಾರೋ ಕಳಿಸಿದ ಗಂಡುಗಳ ದೊಡ್ಡ ದೊಡ್ಡ ಫೋಟೋಗಳು ಪರದೆಯ ತುಂಬ ಹರಡಿದ್ದವು. ಎಲ್ಲರನ್ನೂ ಒಂದು ಫೋಲ್ಡರಿನಲ್ಲಿ ತುಂಬಿ ಡಿ ಡ್ರೈವಿಗೆ ಸಾಗಿಸಿದೆ, ಲ್ಯಾಪ್‌ಟಾಪು ಉಸಿರು ಬಿಟ್ಟಿತು.

ಎರಡನೆಯದು ಹಾಗಲ್ಲ. ಬೇರೆಲ್ಲ ಸೈಟುಗಳು ಬರುತ್ತವೆ, ಆ ಮೂರು ಮಾತ್ರ ಇಲ್ಲ. ಹುಡುಕುತ್ತ ಹುಡುಕುತ್ತ ಹೋಸ್ಟ್ಸ್ ಎಂಬ ಫೈಲು ತೆರೆದೆ. ಸೈಟು ಎಲ್ಲಿದೆ ಎಂದು ಕಂಪ್ಯೂಟರು ಮೊದಲು ವಿಚಾರಿಸುವುದು ಈ ಸಣ್ಣ ಫೈಲಿನಲ್ಲಿ. ಇದರಲ್ಲಿ ಸೈಟಿನ ಹೆಸರಿಗೆ ತನ್ನ ಮನೆಯದೇ ವಿಳಾಸ ಬರೆದುಬಿಟ್ಟರೆ ಕಂಪ್ಯೂಟರು ಹೊರಗೆ ಹೋಗುವುದೇ ಇಲ್ಲ. ಹೊಸಪೇಟೆ ಬೋರ್ಡು ಹಾಕಿಕೊಂಡ ಬಸ್ಸು ಡಿಪೋದಲ್ಲೇ ಒಂದು ಸುತ್ತು ಹಾಕಿ ನಿಂತ ಹಾಗೆ. ಅಲ್ಲಿ ಮೂರು ಸಾಲುಗಳಿದ್ದವು. ಮೂರೂ ವರಗಳ ಸೈಟು. ಯಾರೋ ನೆಟ್ಟಗೆ, ಒಂದರ ಕೆಳಗೊಂದು, ಅಂದವಾಗಿ ಬರೆದಿದ್ದರು.

ಸಾಹೇಬರು ಬಾಗಿಲಿಗೆ ಬಂದವರ ಜೊತೆ ಮಾತಿಗೆ ನಿಂತಿದ್ದರು, ಅಕ್ಕನವರು ಒಲೆಯ ಮೇಲಿನ ಸಾರು ನೋಡಲು ಎದ್ದಿದ್ದರು. ಚಹ ತಂದ ಮಗಳು ಪರದೆ ನೋಡಿ ಅಲ್ಲೇ ನಿಂತಳು.

"ಅದು ನಾನ ಬರದಿದ್ದು, ಅಣ್ಣಾರ" ಎಂದಳು ಮೆಲ್ಲಗೆ. "ಬಿ.ಎಸ್ಸಿ.ಯೊಳಗ ಕಲಿತದ್ದು. ಇಷ್ಟಾದ್ರೂ ಉಪಯೋಗ ಆತು."

"ಅಪ್ಪಾರಿಗೆ ಗೊತ್ತೇನವ್ವ?"

"ಗೊತ್ತಾದ್ರ ಓದು ಅಲ್ಲಿಗೇ ಬಿಡಿಸ್ತಾರ. ಅತ್ತಿ ಬಿಡಂಗಿಲ್ಲ. ಒಂದು ವರ್ಷ ಹಂಗ ಇರ್ಲಿ. ಬಿ.ಎಡ್. ಮುಗದ್ರ ನಾನ ತೆಗೀತೀನಿ."

ನನಗೆ ಮೂವರು ತಂಗಿಯರು. ಒಬ್ಬಳೂ ಹತ್ತನೇ ತರಗತಿ ದಾಟಲಿಲ್ಲ. ಏನನ್ನೂ ಅಳಿಸದೆ ಫೈಲು ಮುಚ್ಚಿದೆ. ಸಾಹೇಬರು ಒಳಗೆ ಬಂದು "ಏನಾತು?" ಎಂದರು. "ನಮ್ಮ ಕಡೆ ಏನೂ ದೋಷ ಇಲ್ರಿ. ಆ ಕಡೆ ಸರ್ವರ್ ಬಿದ್ದೈತಿ" ಎಂದೆ. ಸಾಹೇಬರು ನನ್ನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು. ಟಿಕೆಟ್ ಇಲ್ಲದೆ ಕಿಟಕಿ ಕಡೆ ಮುಖ ಮಾಡಿ ಕೂತವನಿಗೆ ಏನಾಗುತ್ತದೆ ಎಂದು ನನಗೆ ಆಗ ತಿಳಿಯಿತು.

ಬಾಯಲ್ಲಿ ಸುಳ್ಳು ಹೇಳಿದ್ದಾಗಿತ್ತು, ಚೀಟಿಯಲ್ಲಾದರೂ ನಿಜ ಇರಲಿ ಎಂದು ಬರೆದೆ: "ಹೋಸ್ಟ್ಸ್ ಫೈಲಿನಲ್ಲಿ ಮಗಳು ಮೂರು ಸೈಟು ತಡೆದಿದ್ದಾಳೆ. ಬಿ.ಎಡ್. ಮುಗಿಯುವವರೆಗೆ ತೆಗೆಯಬಾರದು." ಬ್ಯಾಟರಿಯ ಗುಳಿಯಲ್ಲಿ ಅಂಟಿಸಿ ಬಸ್ಸು ಹತ್ತಿದೆ.

ಒಂದು ವರ್ಷ

ಆಮೇಲೆ ಪ್ರತಿ ತಿಂಗಳೂ ಸಾಹೇಬರ ಫೋನು. "ತಮ್ಮಾ, ಸೈಟು ಬರ್ವಲ್ದು." ಮೊದಲ ಸಲ ಗಾಬರಿಯಲ್ಲಿ ಬಾಯಿಗೆ ಬಂದದ್ದು ಹೇಳಿದೆ: ಬ್ಯಾಟರಿ ತಗದು, ಹತ್ತು ಎಣಿಸಿ, ಮತ್ತ ಹಾಕ್ರಿ. ಆ ಕಡೆ ಸದ್ದಿಲ್ಲ. ಆಮೇಲೆ "ಹೂಂ. ಹಾಕಿದೆ. ಇನ್ನೂ ಬರ್ವಲ್ದು" ಎಂದರು. ಮುಂದಿನ ತಿಂಗಳುಗಳಲ್ಲಿ ನಾನು ಮಳೆ, ಕೇಬಲ್ಲು, ಸಮುದ್ರದಡಿಯ ತಂತಿ ಎಲ್ಲವನ್ನೂ ಮುಂದೆ ಮಾಡಿದೆ. ಹಿಂದಿನಿಂದ ಅಕ್ಕನವರ ದನಿ ಕೇಳುತ್ತಿತ್ತು: "ಬಿದ್ದದ್ದು ಇನ್ನೂ ಎದ್ದಿಲ್ಲಂತೇನು?" ಸಾಹೇಬರು ಫೋನಿನಲ್ಲಿ ನನಗೆ ಕೇಳುವಂತೆಯೇ ಉತ್ತರಿಸುತ್ತಿದ್ದರು: "ಇಲ್ಲಂತಕ್ಕಾ. ಸಮುದ್ರದಾಗ ಏನೋ ಆಗೇತಂತ."

ಸುಳ್ಳಿಗೆ ನೆನಪಿನ ಶಕ್ತಿ ಬೇಕು. ನನಗೆ ಅದಿಲ್ಲ. ಆ ಊರಿನ ನಂಬರು ಕಂಡರೆ ಹೋದ ತಿಂಗಳು ಏನು ಹೇಳಿದ್ದೆ ಎಂದು ಮೊದಲು ಹುಡುಕಿಕೊಳ್ಳುತ್ತಿದ್ದೆ. ಹೇಗೋ ವರ್ಷ ಕಳೆಯಿತು. ಹುಡುಗಿ ಬಿ.ಎಡ್. ಮುಗಿಸಿ, ಕೂಡ್ಲಿಗಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರಾಗಿ ಸೇರಿದಳೆಂದು ಗೊತ್ತಾಯಿತು. ಹಿಂದೆಯೇ ಸಾಹೇಬರ ಫೋನು: "ಬಂದು ಹೋಗು."

ಹೋದೆ. ಮಗಳು ಶಾಲೆಗೆ ಹೋಗಿದ್ದಳು. ಅಕ್ಕನವರು ಅರಸೀಕೆರೆಗೆ ಮರಳಿದ್ದರು. ಸಾಹೇಬರು ನನ್ನನ್ನು ಕೂರಿಸಿ, ಅಂಗಿಯ ಕಿಸೆಯಿಂದ ನನ್ನದೇ ಚೀಟಿ ತೆಗೆದು ಮೇಜಿನ ಮೇಲಿಟ್ಟರು.

"ನಿನ್ನ ಅಕ್ಷರ ಗುಂಡಗದಾವು" ಎಂದರು.

"ಯಾವಾಗ ನೋಡಿದ್ರಿ?"

"ನೀನ ಹೇಳಿದ್ಯಲ್ಲ, ಬ್ಯಾಟರಿ ತಗದು ಹತ್ತು ಎಣಿಸ್ರಿ ಅಂತ. ಮೂರು ಎಣಿಸೂದ್ರೊಳಗ ಓದಿದ್ದೆ."

"ಹಂಗಾದ್ರ ತಿಂಗಳಾ ತಿಂಗಳಾ ಫೋನ್ ಯಾಕ ಮಾಡ್ತಿದ್ರಿ ಸಾಹೇಬ್ರ?"

"ನಮ್ಮಕ್ಕ ಬಾಜೂಕ ಕುಂತಿರ್ತಿದ್ಲು, ಆಕಿ ಕೇಳ್ಲಿ ಅಂತ. ಮಗಳು ಓದ್ಲಿ ಅಂತ ನನಗೂ ಇತ್ತು. ಮದುವಿ ಈಗ ಬ್ಯಾಡ ಅಂತ ನಾ ಅಂದ್ರ ಮನ್ಯಾಗ ರಂಪ. ಕಂಪ್ಯೂಟರ್ ಬ್ಯಾಡ ಅಂದ್ರ ಅದರ ಜೋಡಿ ಯಾರು ಜಗಳ ಮಾಡ್ತಾರ? ಆದ್ರೂ ನೀನು ಸಮುದ್ರದ ತನಕ ಹೋಗಬಾರದಿತ್ತು."

ಆ ಮನುಷ್ಯನ ಮೇಲೆ ನನಗೆ ತುಂಬ ಪ್ರೀತಿ ಬಂತು. ಒಂದು ವರ್ಷದ ಎದೆಯ ಭಾರ ಇಳಿದು, ಅವರೆದುರೇ ಮೂರು ಸಾಲುಗಳನ್ನು ಅಳಿಸಿದೆ. ಸಾಹೇಬರು ಬಾಗಿಲವರೆಗೆ ಬಂದು ಹೇಳಿದರು.

"ಇನ್ನೊಂದು ಮಾತು. ನನಗ ಗೊತ್ತಿತ್ತು ಅಂತ ಆಕಿಗೆ ಹೇಳಬ್ಯಾಡ. ಅಪ್ಪನ ಕಣ್ಣು ತಪ್ಪಿಸಿ ಓದಿ ಮುಗಿಸಿದೆ ಅಂತ ಖುಷೀಲೆ ಅದಾಳ. ಆ ಖುಷಿ ಹಂಗ ಇರ್ಲಿ."

"ಜೀವ ಹೋದ್ರೂ ಹೇಳಂಗಿಲ್ರಿ" ಎಂದೆ. ಅವತ್ತಿನ ಮಟ್ಟಿಗೆ ಆ ಮಾತು ಪೂರ್ತಿ ನಿಜ.

ಮುಂದಿನ ಭಾನುವಾರ ಹುಡುಗಿಯೇ ಫೋನು ಮಾಡಿದಳು. ನೌಕರಿ ಸಿಕ್ಕಿತು, ನಿಮ್ಮ ಉಪಕಾರ ಮರೆಯಲ್ಲ ಅಣ್ಣಾರ, ಅಪ್ಪಗ ಇವತ್ತಿಗೂ ಗೊತ್ತಾಗಿಲ್ಲ ಎಂದು ನಕ್ಕಳು. ನನಗೂ ಸಂತೋಷವಾಯಿತು. ಲ್ಯಾಪ್‌ಟಾಪು ಮಾತ್ರ ಬೆಳಿಗ್ಗೆಯಿಂದ ಸ್ವಲ್ಪ ನಿಧಾನ, ಏನು ಮಾಡಲಿ ಎಂದು ಕೇಳಿದಳು.

"ಬ್ಯಾಟರಿ ತಗದು, ಹತ್ತು ಎಣಿಸಿ, ಮತ್ತ ಹಾಕವ್ವ" ಎಂದೆ.

ಅವಳು ಫೋನು ಪಕ್ಕಕ್ಕಿಟ್ಟ ಸದ್ದು, ಬ್ಯಾಟರಿ ಕಳಚಿದ ಸದ್ದು ಕೇಳಿತು. ಆ ಎರಡನೇ ಸದ್ದಿಗೆ ನನಗೆ ನೆನಪಾಯಿತು. ಮೂರು ಸಾಲು ಅಳಿಸಿದ ಆ ದಿನ, ಬಾಗಿಲವರೆಗೆ ಬರಲು ಸಾಹೇಬರು ಚಪ್ಪಲಿ ಹುಡುಕುತ್ತಿದ್ದಾಗ ನನ್ನ ಕೈ ತನ್ನ ಪಾಡಿಗೆ ತಾನು ಹೊಸ ಚೀಟಿ ಬರೆದು ಗುಳಿಯಲ್ಲಿ ಅಂಟಿಸಿತ್ತು: "ಮೂರು ಸೈಟು ಬಿಡಿಸಿದೆ. ಮಗಳು ತಡೆದದ್ದು ತಂದೆಗೆ ಮೊದಲಿನಿಂದಲೂ ಗೊತ್ತು."

ಹತ್ತು ಎಣಿಸುವಷ್ಟು ಹೊತ್ತು ಕಳೆಯಿತು. ಇಪ್ಪತ್ತು ಎಣಿಸುವಷ್ಟೂ ಕಳೆಯಿತು. ಆಮೇಲೆ ದೂರದಿಂದ, ಫೋನಿಗಲ್ಲದ ದನಿ ಕೇಳಿತು.

"ಅಪ್ಪಾ, ಈ ಕಡೆ ಒಂದೀಟು ಬರ್ರಿಲ್ಲಿ."

ನಾನು ನನ್ನ ಮೊಬೈಲು ತಿರುವಿ, ಅದರ ಬ್ಯಾಟರಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಎಣಿಸತೊಡಗಿದೆ. ಹತ್ತಕ್ಕೆ ನಿಲ್ಲಿಸಲಿಲ್ಲ.