ದಡದ ಯೋಜನೆಗೆ ಒಂದು ಗೋಡೆ

ಸಮುದ್ರ ಗುಮಾಸ್ತನ ಹಿತ್ತಲನ್ನು ನುಂಗಿ ಅಡುಗೆಮನೆಯ ಗೋಡೆಯ ಹತ್ತಿರಕ್ಕೆ ಬಂದು ನಿಂತಿತ್ತು. ಸರ್ಕಾರ ಕೊನೆಗೂ ಎಚ್ಚೆತ್ತು, ದಡ ಉಳಿಸುವುದು ಹೇಗೆಂದು ಊರಿನವರು ಯೋಜನೆ ಹಾಕಿಕೊಳ್ಳುವುದಕ್ಕೆ ಅನುದಾನ ಕೊಡುತ್ತೇನೆಂದಿತ್ತು. ಉಳಿಸುವುದಕ್ಕಲ್ಲ, ಯೋಚಿಸುವುದಕ್ಕೆ. ಸರ್ಕಾರಕ್ಕೆ ಯೋಚಿಸುವುದೇ ಹೆಚ್ಚು ಖರ್ಚಿನ ಕೆಲಸ. ಆದರೂ ಯೋಜನೆಯಾದರೆ ತಡೆಗೋಡೆ, ತಡೆಗೋಡೆಯಾದರೆ ತನ್ನ ಮನೆ ಉಳಿದೀತು ಎಂದು ಪುರಸಭೆಯ ಈ ಗುಮಾಸ್ತ ಓಡಾಡಿ ಅರ್ಜಿ ಹಾಕಿಸಿದ್ದ. ಆ ದಿನ ಮಧ್ಯಾಹ್ನ ದಡ ನೋಡಲು ಅನುದಾನ ಮಂಜೂರು ಮಾಡುವ ಸಾಹೇಬರು ಬರುವವರಿದ್ದರು.

ಬೆಳಿಗ್ಗೆ ಅವನು ದಡಕ್ಕೆ ಹೋಗಿ ನೋಡಿದ. ಕೊರೆದುಹೋಗಿದ್ದ ಜಾಗಕ್ಕೆಲ್ಲ ಹೊಸ ಮರಳು ಬಿದ್ದಿತ್ತು. ಕಲ್ಲುಗಳಿಗೆ ಸುಣ್ಣ, ಸಾಲಾಗಿ ಹೂಕುಂಡ. ಸಮುದ್ರ ಕೂಡ ಹೊಸ ಬೀಗರ ಹಾಗೆ ಮರ್ಯಾದೆಯಿಂದ ದೂರ ಕೂತಿತ್ತು.

"ಹೇಗಿದೆ?" ಎಂದರು ಪುರಸಭೆಯ ಅಧ್ಯಕ್ಷರು. ದೊಡ್ಡವರು ಬರುತ್ತಾರೆಂದರೆ ಆಸ್ಪತ್ರೆಯ ರೋಗಿಗಳಿಗೂ ಪೌಡರ್ ಹಚ್ಚಿಸುವ ಮನುಷ್ಯ ಅವರು.

"ಅಯ್ಯೋ ಸ್ವಾಮಿ, ದಡ ಹಾಳಾಗಿದೆ ಅಂತಲ್ವಾ ನಾವು ದುಡ್ಡು ಕೇಳಿರೋದು? ಇದನ್ನ ನೋಡಿದ್ರೆ ಬೆನ್ನು ತಟ್ಟಿ ಹೋಗ್ತಾರೆ ಅಷ್ಟೆ!"

ಅಧ್ಯಕ್ಷರಿಗೆ ಜ್ಞಾನೋದಯವಾಯಿತು. "ಹಾಗಾದ್ರೆ ಹಾಳು ಮಾಡಿ!"

ಊರಿಗೆ ಊರೇ ಮುಗಿಬಿದ್ದಿತು. ಕೆಲಸಕ್ಕೆ ಕರೆದರೆ ಸೊಂಟನೋವು ಎನ್ನುವವರೆಲ್ಲ ಕೆಡಿಸುವುದಕ್ಕೆ ಟೊಂಕ ಕಟ್ಟಿ ನಿಂತರು. ಒಬ್ಬ ಮುರಿದ ದೋಣಿ ಎಳೆದು ತಂದ. ಪಕ್ಕದ ಮನೆಯ ಅಜ್ಜಿ "ಅಳೋರು ಬೇಕಾದ್ರೆ ನಾನಿದ್ದೀನಿ" ಎಂದು ಕುರ್ಚಿ ಹಾಕಿಸಿಕೊಂಡಳು. ಪುರಸಭೆಯ ಗುತ್ತಿಗೆದಾರನಿಗೆ ಮಾತ್ರ ತೃಪ್ತಿಯಿಲ್ಲ.

"ಇದ್ಯಾವುದೂ ಸಾಲದು ಸಾರ್. ಮನೆ ಬಿದ್ದಿರ್ಬೇಕು. ನಿಮ್ಮ ಅಡುಗೆಮನೆ ಗೋಡೆ ಹೇಗೂ ಇವತ್ತೋ ನಾಳೆಯೋ ಅಂತಿದೆ."

"ನನ್ನ ಗೋಡೆನಾ? ಮುಟ್ಟು ನೋಡೋಣ!"

"ಒಂದು ಗೋಡೆಗೋಸ್ಕರ ಊರನ್ನೇ ಮುಳುಗಿಸ್ತೀರೇನ್ರೀ?" ಎಂದು ಅಧ್ಯಕ್ಷರು ಗದರಿದರು. "ಅನುದಾನ ಬರ್ಲಿ, ಎರಡು ಗೋಡೆ ಕಟ್ಟಿಸ್ಕೊಡ್ತೀನಿ."

ಗುಮಾಸ್ತ ಹೂಂ ಅನ್ನುವ ಮೊದಲೇ ಗುತ್ತಿಗೆದಾರನ ಹಾರೆಯೇಟಿಗೆ ಗೋಡೆ ಧೊಪ್ಪೆಂದಿತು. ಒಲೆಯ ಮುಂದೆ ನಿಂತಿದ್ದ ಅವನ ಹೆಂಡತಿ ಸೌಟು ಹಿಡಿದುಕೊಂಡೇ ಸಮುದ್ರಕ್ಕೆ ಮುಖಾಮುಖಿಯಾದಳು.

"ಏನ್ರೀ ಇದು?"

"ಯೋಜನೆ ಕಣೇ," ಎಂದ ಗುಮಾಸ್ತ.

ಸಾಹೇಬರು ಬಂದರು. ದೋಣಿ ನೋಡಿದರು, ಅಜ್ಜಿಯ ಅಳು ಕೇಳಿದರು, ಬಿದ್ದ ಗೋಡೆಯ ಮುಂದೆ ಲೊಚಗುಟ್ಟಿದರು.

"ಪಾಪ, ತಡವಾಯ್ತಲ್ರೀ. ಈ ಅನುದಾನ ಹಾನಿ ಆಗೋಕೆ ಮುಂಚೆ ಯೋಜನೆ ಮಾಡೋರಿಗೆ. ಇಷ್ಟೆಲ್ಲ ಆದ್ಮೇಲೆ ಇನ್ನೇನು ಯೋಚನೆ ಮಾಡ್ತೀರಿ? ದಡ ಸ್ವಲ್ಪ ಚೆನ್ನಾಗಿದ್ದಿದ್ರೆ ಇವತ್ತೇ ಕೊಟ್ಬಿಡ್ತಿದ್ದೆ."

ಅಧ್ಯಕ್ಷರು ಆಕಾಶ ನೋಡಿದರು. ಗುಮಾಸ್ತನಿಗೆ ನಿಜವಾದ ಅಳುವೇ ಬಂತು. ಇದ್ದ ಗೋಡೆಯೂ ಹೋಯಿತು, ಬರುವ ಗೋಡೆಯೂ ಹೋಯಿತು. ಅವನ ಕಣ್ಣೀರು ಕಂಡು ಸಾಹೇಬರ ಮನಸ್ಸು ಕರಗಿತು.

"ಅಳಬೇಡ್ರಿ. ಮನೆ ಸಮುದ್ರದ ಪಾಲಾದೋರಿಗೆ ಪರಿಹಾರ ಇಲಾಖೆಯವರು ಬೇರೆ ಕಡೆ ಹೊಸ ಮನೆ ಕೊಡ್ತಾರೆ. ನಾನೇ ಹೇಳಿ ಕೊಡಿಸ್ತೀನಿ."

ಗುಮಾಸ್ತನಿಗೆ ಹೋದ ಜೀವ ಬಂತು. ಹೆಂಡತಿ ಸೌಟು ಕೆಳಗಿಟ್ಟು ಕೈಮುಗಿದಳು. ಸಾಹೇಬರು ಗೋಡೆಯ ಸುತ್ತ ಒಂದು ಸಲ ತಿರುಗಿ ಬೆರಗಾದರು.

"ಅಬ್ಬಾ, ಬುಡದಿಂದ ಎಷ್ಟು ಚೊಕ್ಕವಾಗಿ ಕಿತ್ತಿದೆ! ಸಮುದ್ರದ ಶಕ್ತಿ ಅಂದ್ರೆ ಇದು!"

ಇಷ್ಟು ವರ್ಷಗಳಲ್ಲಿ ಗುತ್ತಿಗೆದಾರ ಕಟ್ಟಿದ್ದನ್ನು ಯಾರೂ ಹೊಗಳಿರಲಿಲ್ಲ. ಸಿಕ್ಕಿದ ಒಂದೇ ಹೊಗಳಿಕೆ ಇನ್ನೊಬ್ಬರ ಪಾಲಾಗುವುದನ್ನು ತಾಳಲಾರದೆ ಅವನು ಎದೆಯುಬ್ಬಿಸಿ ಮುಂದೆ ಬಂದ.

"ಸಮುದ್ರದ ಕೈಲಿ ಏನಾಗುತ್ತೆ ಸಾರ್? ಇದು ನಮ್ಮ ಕೆಲಸ!"