ಚಾಪೆಯಲ್ಲಿ ಮಲಗಿ ಮನೆ ಗುಡಿಸಿದ ಕಂಪ್ಯೂಟರ್

ಕೆಲವರ ಮನೆಗೆ ನೆಂಟರು ಹೇಳದೆ ಬರುತ್ತಾರೆ, ನನ್ನ ಹತ್ತಿರ ಪ್ರಸಂಗಗಳು ಬರುವುದೂ ಹಾಗೆಯೇ. ನಾನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ, ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು ನೋಡಿ. ಆದರೆ ಚಾರ್ಮಾಡಿ ಘಾಟಿಯಲ್ಲಿ ಬ್ರೇಕ್ ಹೋದ ಲಾರಿಯನ್ನು ಬರೇ ಬೈದು ನಿಲ್ಲಿಸಿದವ ನಾನು. ಅಂಥವನಿಗೆ ಸ್ವಂತ ಮಗಳು "ನಿಮಗೆ ಮರೆವು" ಅಂತ ಹೇಳುವುದಾ? ಕೇಳಿ, ನ್ಯಾಯ ನೀವೇ ಹೇಳಿ.

ಮದುಮಗ ಸಾಹೇಬರು

ಪಾಣೆಮಂಗಳೂರಿನಲ್ಲಿ ಮಗಳದ್ದೊಂದು ಕಂಪ್ಯೂಟರ್ ಅಂಗಡಿ ಉಂಟು. ಅರ್ಜಿ ಟೈಪು, ಜೆರಾಕ್ಸ್, ಮದುವೆ ಕಾರ್ಡು. ಜಗಲಿಯ ಕುರ್ಚಿ ನನ್ನದು. ಬಂದವರನ್ನು ಮಾತಾಡಿಸುವುದು, ಲಾರಿಯ ಕತೆ ಹೇಳುವುದು ನನ್ನ ಕೆಲಸ. ಆ ಕುರ್ಚಿ ಹೋದರೆ ಮನೆಯಲ್ಲಿ ಕೂತು ಬೆಕ್ಕಿಗೆ ಕತೆ ಹೇಳಬೇಕು. ಬೆಕ್ಕು ಅರ್ಧದಲ್ಲಿ ಎದ್ದು ಹೋಗ್ತದೆ.

ಒಂದು ದಿನ ಜವಳಿ ಅಂಗಡಿಯ ಸಾಹೇಬರು ಮಗನ ಮದುವೆಯ ಕಾರ್ಡು ಮಾಡಿಸಲು ಬಂದರು. ಅವರು ಬಾಯಲ್ಲಿ ಹೇಳಿದ್ದನ್ನು ಮಗಳು ಪೂರಾ ಟೈಪು ಮಾಡಿದಳು. ಸಾಹೇಬರು ಅತ್ತ ಹೋದರು, ಇತ್ತ ಕಂಪ್ಯೂಟರಿನ ಪರದೆ ನೀಲಿಯಾಗಿ ಎಲ್ಲ ಮಾಯ!

"ಸಾಹೇಬರಿಗೆ ಫೋನ್ ಮಾಡುವ" ಅಂದಳು ಮಗಳು.

"ನಾನಿರುವಾಗ ಫೋನ್ ಯಾಕೆ? ಎಲ್ಲ ಇಲ್ಲಿ ಉಂಟು" ಅಂತ ತಲೆ ಮುಟ್ಟಿ ತೋರಿಸಿದೆ. ಗಡಗಡ ಹೇಳಿದೆ, ಅವಳು ಟೈಪು ಮಾಡಿದಳು. ಕಾರ್ಡು ಕೊಂಡುಹೋಗಲು ಬಂದ ಸಾಹೇಬರು ಕನ್ನಡಕ ಮರೆತು ಬಂದಿದ್ದರು, ಓದದೆಯೇ ಕೊಂಡುಹೋದರು. ಅವರ ಮರೆವನ್ನು ಯಾರೂ ಕೇಳುವುದಿಲ್ಲ, ನೋಡಿ!

ಕಾರ್ಡು ಹಂಚಿದ ಮೇಲೆ ಓಡಿ ಬಂದರು. "ಡ್ರೈವರಣ್ಣಾ, ಮಗನ ಹೆಸರಿನ ಜಾಗದಲ್ಲಿ ನನ್ನ ಹೆಸರು ಉಂಟು! ಮದುಮಗ ನಾನೇ ಅಂತೆ! ಬೆಳಗ್ಗಿನಿಂದ ಮನೆಯವಳು ಒಂದು ಚಾ ಕೊಡ್ಲಿಲ್ಲ!"

"ಎರಡೂ ಹೆಸರು ಸರಿ ಉಂಟಲ್ಲ ಸಾಹೇಬ್ರೆ? ಜಾಗ ಮಾತ್ರ ಅದಲು ಬದಲು" ಅಂದೆ.

ಮಗಳು ನಗಲಿಲ್ಲ. "ಅಪ್ಪ, ನಿಮಗೆ ಮರೆವು. ಇನ್ನು ನೀವು ಮನೆಯಲ್ಲಿ ಇರಿ."

"ನಾನು ಮರೆತದ್ದು ಜಾಗ, ನಿನ್ನ ಕಂಪ್ಯೂಟರ್ ಮರೆತದ್ದು ಇಡೀ ಮದುವೆ. ಮೊದಲು ಅದನ್ನು ಮನೆಗೆ ಕಳಿಸು!"

ಚಾಪೆಯ ಅಡಿ

ಬೆಳ್ತಂಗಡಿಯ ಲಾಯಿಲದಿಂದ ರಿಪೇರಿಯವನು ಬಂದ. "ಮೆಮೊರಿ ಹಾಳಾಗಿದೆಯಾ ಅಂತ ಪರೀಕ್ಷೆ ಮಾಡುವ" ಅಂದ. ಕಂಪ್ಯೂಟರಿನ ನೆನಪಿಗೆ ಮೆಮೊರಿ ಅಂತ ಹೆಸರಂತೆ.

"ಹೇಗೆ ಮಾಡುದು?" ಕೇಳಿದೆ.

"ಅದರ ಒಂದೊಂದು ಜಾಗದಲ್ಲಿ ಏನಾದರೂ ಬರೆದಿಡುದು, ಮತ್ತೆ ಓದಿ ನೋಡುದು. ಬರೆದದ್ದೇ ಸಿಕ್ಕಿದರೆ ಸರಿ, ಬೇರೆ ಸಿಕ್ಕಿದರೆ ಹಾಳು. ಕಂಪ್ಯೂಟರನ್ನು ನಡೆಸುವ ಸಿಸ್ಟಮ್ ಅಂತ ಒಬ್ಬ ಉಂಟು, ಅವನು ಕೂರುದೂ ಈ ಮೆಮೊರಿಯಲ್ಲೇ. ಅವನು ಕೆಲಸ ಮಾಡ್ತಾ ಇರುವಾಗಲೇ ಒಳಗಿಂದ ಪರೀಕ್ಷೆ ಮಾಡ್ಲಿಕ್ಕೆ ಆಗ್ತದೆ ಅಜ್ಜ."

ಚಾ ಕುಡಿದು ಮುಗಿಯುವಾಗ ಪರೀಕ್ಷೆಯೂ ಮುಗಿಯಿತು. ದೋಷ ಇಲ್ಲ. ಮಗಳು ನನ್ನ ಮುಖ ನೋಡಿದಳು. ನಾನು ಬಿಡುವವನಾ?

"ಆ ಸಿಸ್ಟಮ್ ತಾನು ಕೂತ ಜಾಗವನ್ನೂ ನೋಡಿತಾ?"

ಅವನು ತಲೆ ಕೆರೆದ. "ಅದು ಆಗುದಿಲ್ಲ ಅಜ್ಜ. ಆ ಜಾಗ ಬಳಕೆಯಲ್ಲಿ ಉಂಟಲ್ಲ. ಅದನ್ನು ಬಿಟ್ಟು ಉಳಿದದ್ದು."

"ಚಾಪೆಯಲ್ಲಿ ಮಲಗಿಕೊಂಡೇ ಮನೆ ಗುಡಿಸಿದ ಹಾಗಾಯ್ತಲ್ಲ ಮಾರಾಯ! ಕಸ ಇರುದೇ ಚಾಪೆಯ ಅಡಿಯಲ್ಲಿ. ಮೊದಲು ಆ ಸಿಸ್ಟಮನ್ನು ಚಾಪೆಯಿಂದ ಎಬ್ಬಿಸು!"

"ಬಂದ್ ಮಾಡಿ, ಸಿಸ್ಟಮ್ ಬಂದು ಕೂರುವ ಮೊದಲೇ ನೋಡ್ಲಿಕ್ಕೂ ಆಗ್ತದೆ. ತುಂಬ ಹೊತ್ತು ಹಿಡೀತದೆ ಅಂತ ಬಿಟ್ಟದ್ದು" ಅಂತ ಗೊಣಗುತ್ತಾ ಹಾಗೆಯೇ ಮಾಡಿದ. ಪರದೆ ತುಂಬಾ ಕೆಂಪು ಗೆರೆ! ದೋಷವೇ ದೋಷ! ಘಾಟಿಯ ತಿರುವಿನಲ್ಲಿ ಹುಲಿ ನನ್ನ ಲಾರಿಗೆ ಸೈಡ್ ಕೊಟ್ಟ ದಿನವೂ ನಾನು ಅಷ್ಟು ಹಿಗ್ಗಿರಲಿಲ್ಲ.

ಮಗಳು ಸಾವಕಾಶ ಕೇಳಿದಳು. "ಅಪ್ಪ, ನಿಮ್ಮ ನೆನಪು ಸರಿ ಉಂಟು ಅಂತ ಹೇಳುದು ಯಾರು?"

"ನಾನೇ!"

"ಹಾಗಾದರೆ ನೀವೂ ಚಾಪೆಯಿಂದ ಏಳಿ. ನಾಳೆ ಮೂಡಬಿದ್ರೆಗೆ ಹೋಗುವ, ಡಾಕ್ಟರು ನೋಡ್ಲಿ. ಅವರು ಸರಿ ಉಂಟು ಅಂದರೆ ಕುರ್ಚಿ ನಿಮ್ಮದೇ."

ಹುಲಿ ಸೈಡ್ ಕೊಟ್ಟಿತ್ತು. ಮಗಳು ಕೊಡಲಿಲ್ಲ.

ಮೂರು ಶಬ್ದ

ಮೂಡಬಿದ್ರೆಯ ಡಾಕ್ಟರಮ್ಮ ಹೇಳಿದರು, "ಅಜ್ಜ, ಮೂರು ಶಬ್ದ ಹೇಳ್ತೇನೆ, ನೆನಪಿಡಿ. ತೆಂಗಿನಕಾಯಿ, ಕೊಡೆ, ಬಸ್ಸು."

ಮತ್ತೆ ಗಡಿಯಾರದ ಚಿತ್ರ ಬಿಡಿಸಿ ಅಂದರು. ಬಿಡಿಸಿದೆ. "ಇದು ಸ್ಟೇರಿಂಗಿನ ಹಾಗೆ ಉಂಟಲ್ಲ?" ಅಂದರು. "ಡ್ರೈವರನ ಗಡಿಯಾರ ಹಾಗೆಯೇ ಇರುದು" ಅಂದೆ. ಕೊನೆಗೆ ಆ ಮೂರು ಶಬ್ದ ಕೇಳಿದರು. ಮುಂದಿನಿಂದ ಹೇಳಿದೆ, ಹಿಂದಿನಿಂದ ಹೇಳಿದೆ, ಬೇಕಾದರೆ ತುಳುವಿನಲ್ಲಿಯೂ ಹೇಳ್ತೇನೆ ಅಂದೆ.

"ಎಂತದೂ ತೊಂದರೆ ಇಲ್ಲ, ನೆನಪು ಗಟ್ಟಿ ಉಂಟು" ಅಂದರು ಡಾಕ್ಟರಮ್ಮ.

ಕಂಬಳ ಗೆದ್ದ ಕೋಣದ ಹಾಗೆ ಹೊರಗೆ ಬಂದೆ. ಮಗಳು "ಇಲ್ಲೇ ಇರಿ" ಅಂತ ಹೇಳಿ ಪಕ್ಕದ ಮೆಡಿಕಲ್ಲಿಗೆ ಹೋದಳು. ನನ್ನ ಬಾಯಲ್ಲಿ ಅದೇ ಮೂರು ಶಬ್ದ ಕುಣಿಯುತ್ತಾ ಇತ್ತು. ತಂದಿದ್ದ ಕೊಡೆ ಕಂಕುಳಲ್ಲಿ ಇಟ್ಟೆ, ತೆಂಗಿನಕಾಯಿ ಒಂದು ಕೊಂಡೆ, ಎದುರು ಬಂದ ಬಂಟ್ವಾಳದ ಬಸ್ಸು ಹತ್ತಿದೆ. ಸಿದ್ದಕಟ್ಟೆ ದಾಟುವ ಮೊದಲೇ ನಾನು ಗೆದ್ದ ಸುದ್ದಿ ಇಡೀ ಬಸ್ಸಿಗೆ ಗೊತ್ತಾಗಿತ್ತು. ಪಾಣೆಮಂಗಳೂರಿಗೆ ಬಂದು ಜಗಲಿಯ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತೆ.

ಸಾಹೇಬರು ಬಂದರು. "ಡ್ರೈವರಣ್ಣಾ, ಎಂತಾಯ್ತು?"

"ಗೆದ್ದೆ! ಇಗೊಳ್ಳಿ ತೆಂಗಿನಕಾಯಿ, ಇಗೊಳ್ಳಿ ಕೊಡೆ, ಬಂದದ್ದು ಬಸ್ಸಿನಲ್ಲಿ!"

"ಅದು ಸರಿ. ಮಗಳೆಲ್ಲಿ? ಅಂಗಡಿಗೆ ಬೀಗ ಉಂಟಲ್ಲ?"

ನಾನು ತೆಂಗಿನಕಾಯಿ ನೋಡಿದೆ. ಕೊಡೆ ನೋಡಿದೆ. ನನ್ನ ಫೋನ್ ಸಹ ಅವಳ ಬ್ಯಾಗಿನಲ್ಲೇ ಇತ್ತು.

ಆಗಲೇ ನನ್ನ ನಂತರದ ಬಸ್ಸಿನಲ್ಲಿ ಬಂದ ಮಗಳು ಎದುರು ನಿಂತಳು. ಮುಖ ಆ ಪರದೆಯ ಕೆಂಪು ಗೆರೆಗಿಂತ ಕೆಂಪು. "ಅಪ್ಪಾ! ಮೂಡಬಿದ್ರೆ ಪೇಟೆಯಿಡೀ ನಿಮ್ಮನ್ನು ಹುಡುಕಿದೆ! ಏಳಿ ಆ ಕುರ್ಚಿಯಿಂದ!"

ನಾನು ಕುರ್ಚಿಯ ಕೈಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ.

"ಯಾಕೆ ಏಳುದು? ಡಾಕ್ಟರಮ್ಮ ನೆನಪಿಡಿ ಅಂತ ಹೇಳಿದ್ದು ತೆಂಗಿನಕಾಯಿ, ಕೊಡೆ, ಬಸ್ಸು. ಮಗಳು ಅಂತ ಅವರು ಹೇಳಲೇ ಇಲ್ಲ!"