ಚಿಕ್ಕಮ್ಮನ ಕರಂಡಿ, ಚಿಕ್ಕಪ್ಪನ ಗಾಳಿ

ಓದುವ ಎಲ್ಲರಿಗೂ ನಮಸ್ಕಾರ. ನಾನು ಕನ್ನಡ ಅಕ್ಷರ ಕಲಿತದ್ದು ಮೀಸೆ ನರೆತ ಮೇಲೆ. ಮನೆಯಲ್ಲಿ ಆಡುವುದು ಕನ್ನಡವೇ, ಆದರೆ ನಮ್ಮ ತೇನಿ ಕಡೆ ಬೋರ್ಡು, ಬಸ್ಸು, ಸ್ಕೂಲು ಎಲ್ಲವೂ ತಮಿಳು. ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತುತ್ತಿದ್ದೇನೆ. ಎಲ್ಲಾದರೂ ಒತ್ತಕ್ಷರ ಬಿದ್ದುಹೋಗಿದ್ದರೆ, ದೀರ್ಘ ತಪ್ಪಿಸಿಕೊಂಡು ಓಡಿದ್ದರೆ, ದೊಡ್ಡ ಮನಸ್ಸು ಮಾಡಿ ನೀವೇ ಹಿಡಿದು ತಂದು ಕೂರಿಸಿಕೊಳ್ಳಿ.

ವಿಷಯಕ್ಕೆ ಬರುತ್ತೇನೆ. ನಮ್ಮ ಚಿಕ್ಕಪ್ಪ ಗಾಳಿಯನ್ನು ಪಳಗಿಸಿದ ಮನುಷ್ಯ!

ನಗಬೇಡಿ. ಕಂಬಂ ಕಣಿವೆಯ ಆಡಿ ತಿಂಗಳ, ಅಂದರೆ ಆಷಾಢದ, ಗಾಳಿ ನೀವು ಕಂಡಿಲ್ಲ. ಬೆಟ್ಟದ ಸಂದಿನಿಂದ ಅದು ನುಗ್ಗಿತೆಂದರೆ ನಿಂತ ಬಾಳೆ ಮಲಗುತ್ತದೆ, ಹನುಮಂತನಪಟ್ಟಿಯಲ್ಲಿ ಒಣಹಾಕಿದ ಪಂಚೆ ಪಕ್ಕದ ಊರಿನಲ್ಲಿ ಸಿಗುತ್ತದೆ. ಅಂಥ ಗಾಳಿಯನ್ನು ಒಂದು ಕರಿ ಡಬ್ಬಿಯೊಳಗೆ ಕೂಡಿಹಾಕಿ, ಅದರ ಕೈಯಲ್ಲಿ ಮೊಟ್ಟೆ ಬೇಯಿಸಿಕೊಂಡವರು ನಮ್ಮ ಚಿಕ್ಕಪ್ಪ. ಡಬ್ಬಿಗೆ ಅಂಗಡಿಯವರು ಇಟ್ಟ ಹೆಸರು ಏರ್ ಫ್ರೈಯರ್. ಚಿಕ್ಕಪ್ಪ ಇಟ್ಟ ಹೆಸರು ಗಾಳಿ ಒಲೆ.

ಇವರು ಮೊದಲಿನಿಂದಲೂ ಹೀಗೆಯೇ. ಇವರದು ಪನ್ನೀರ್ ಅನ್ನುವ ಕರಿ ದ್ರಾಕ್ಷಿಯ ತೋಟ. ಬಳ್ಳಿಗಳ ಜೊತೆ ಮಾತಾಡುತ್ತಾರೆ. ಅದೇನು ದೊಡ್ಡದು, ಎಲ್ಲ ರೈತರೂ ಆಡುತ್ತಾರೆ ಅನ್ನುತ್ತೀರಾ? ಇವರು ಹೊಗಳುವುದಾದರೆ ತಮಿಳಿನಲ್ಲಿ, ಬೈಯುವುದಾದರೆ ಕನ್ನಡದಲ್ಲಿ! ಯಾಕೆಂದು ಕೇಳಿದ್ದಕ್ಕೆ ಹೇಳಿದರು: "ಡೇಯ್, ಇವು ತಮಿಳ್ನಾಡು ಮಣ್ಣಲ್ಲಿ ಬೆಳೆದ ಬಳ್ಳಿ. ತಮಿಳಲ್ಲಿ ಬೈದ್ರೆ ಅರ್ಥ ಆಗ್ಬಿಡ್ತದೆ. ಮನಸ್ಸು ನೊಂದು ಕಾಯಿ ಹುಳಿ ಆಗ್ತದೆ." ನಾನು ಅಂದೆ, "ಹಂಗಂದ್ರೆ ಚಿಕ್ಕಮ್ಮನ್ನ ಯಾವ ಭಾಷೇಲಿ ಬೈತೀರಾ?" ಚಿಕ್ಕಪ್ಪ ಸುತ್ತ ನೋಡಿ ಮೆಲ್ಲಗೆ ಅಂದರು, "ಅದಕ್ಕೆ ಇನ್ನೂ ಭಾಷೆ ಹುಟ್ಟಿಲ್ಲ."

ಗಾಳಿ ಒಲೆ ಬಂದ ಕಥೆ ಇಷ್ಟೇ. ಕಂಬಂನ ಔಷಧಿ ಅಂಗಡಿಯಲ್ಲಿ (ಮನುಷ್ಯರ ಔಷಧಿ ಅಲ್ಲ, ದ್ರಾಕ್ಷಿಯ ಔಷಧಿ) ಚೀಟಿ ಎತ್ತಿ ಬಹುಮಾನ ಕೊಟ್ಟರು. ಚಿಕ್ಕಪ್ಪನಿಗೆ ಬಿತ್ತು. ಶೇರ್ ಆಟೋದಲ್ಲಿ ಅದನ್ನು ಮದುವೆ ಹೆಣ್ಣಿನ ಹಾಗೆ ಮಡಿಲಲ್ಲಿ ಕೂರಿಸಿಕೊಂಡು ಮನೆಗೆ ಬಂದರು. ಚಿಕ್ಕಮ್ಮ ಹೊಸ್ತಿಲಲ್ಲೇ ನಿಲ್ಲಿಸಿದರು.

"ಏನದು?"

"ಒಲೆ ಇಲ್ಲದ ಅಡಿಗೆ! ಬೆಂಕಿ ಇಲ್ಲೆ, ಹೊಗೆ ಇಲ್ಲೆ. ಮೊಟ್ಟೆ ಹಾಕಿದ್ರೆ ಬರೀ ಗಾಳೀಲೇ ಬೇಯ್ತದೆ."

ಮೊಟ್ಟೆ ಅನ್ನುವ ಮಾತು ಬಿದ್ದದ್ದೇ ಚಿಕ್ಕಮ್ಮನ ಕೈ ಬಾಗಿಲಿಗೆ ಅಡ್ಡ ಬಂತು.

ಇಲ್ಲಿ ಒಂದು ವಿಷಯ ಹೇಳಬೇಕು. ಆ ಮನೆಯ ಅಡಿಗೆಮನೆಗೆ ಇದುವರೆಗೆ ಮೊಟ್ಟೆ ಕಾಲಿಟ್ಟಿಲ್ಲ. ಚಿಕ್ಕಮ್ಮ ಮದುವೆಯಾಗಿ ಬಂದಾಗ ಅವರ ಅತ್ತೆ, ಅಂದರೆ ನಮ್ಮಜ್ಜಿ, ಒಲೆಯನ್ನು ತೋರಿಸಿ ಹೇಳಿದ್ದರಂತೆ: ಇದು ದೇವರ ಪೊಂಗಲ್ ಬೇಯುವ ಒಲೆ, ಇದರ ಮೇಲೆ ಮೊಟ್ಟೆ ಏರಬಾರದು. ಅಜ್ಜಿ ಹೋದರು, ಮಣ್ಣಿನ ಒಲೆ ಹೋಯಿತು, ಗ್ಯಾಸ್ ಬಂತು. ಮಾತು ಮಾತ್ರ ಹೋಗಲಿಲ್ಲ. ಮೊಟ್ಟೆ ಬೇಯುವುದು ಹಿತ್ತಲಲ್ಲಿ, ನುಗ್ಗೆಮರದ ಕೆಳಗೆ, ಮೂರು ಕಲ್ಲಿನ ಮೇಲೆ. ಅದರ ಪಾತ್ರೆಯೂ ಬೇರೆ, ಅದು ದನದ ಕೊಟ್ಟಿಗೆಯಲ್ಲಿ ನೇತಾಡುತ್ತದೆ.

"ಆಡಿ ಗಾಳೀಲಿ ಅರೆಯೋ ಕಲ್ಲೇ ಹಾರ್ತದೆ ಅಂತಾರೆ. ಒಂದು ಮೊಟ್ಟೆ ಬೇಯದಾ?" ಚಿಕ್ಕಪ್ಪ ವಕೀಲರ ಹಾಗೆ ವಾದಿಸಿದರು. "ಒಲೆ ಮೇಲೆ ಇಡಬೇಡ ಅಂದಿದ್ದು ನಮ್ಮವ್ವ. ಇದು ಒಲೆಯೇ ಅಲ್ಲವಲ್ಲ!"

"ಹಾರೋದು ಬೇರೆ, ಬೇಯೋದು ಬೇರೆ. ಬೇಯ್ತದೆ ಅಂದ್ರೆ ಅದು ಒಲೆ. ಮೊಟ್ಟೆ ಒಲೆ ಅಂದ್ರೆ ಆಚೆ. ಆಯ್ತಾ?"

"ಆಚೆ ಪ್ಲಗ್ಗು ಎಲ್ಲೈತೆ?"

"ತೋಟದಾಗೆ ಐತಲ್ಲ, ನಿಮ್ಮ ಮೋಟಾರು. ಅದರ ಪಕ್ಕದಾಗೆ ಇಟ್ಕೊಂಡು ಇಬ್ಬರೂ ಮಾತಾಡ್ಕೊಂಡಿರಿ."

ಚಿಕ್ಕಮ್ಮನ ತವರು ಓಡೈಪಟ್ಟಿ, ಬೀಜವಿಲ್ಲದ ದ್ರಾಕ್ಷಿಯ ಊರು. ಚಿಕ್ಕಪ್ಪ ಡಬ್ಬಿಯನ್ನು ಹೆಗಲಿಗೇರಿಸಿ ಹೊರಟವರು ತಿರುಗಿ ನಿಂತು, "ನಿಮ್ಮೂರ ದ್ರಾಕ್ಷೀಲಿ ಬೀಜ ಇಲ್ಲೆ, ಎಲ್ಲ ನಿನ್ನ ಮಾತಿಗೆ ಬಂದು ಸೇರೈತೆ!" ಅಂದರು. ಅಂದು ಓಡಿದರು.

ಹೀಗೆ ಏರ್ ಫ್ರೈಯರ್ ತೋಟದ ಮೋಟಾರ್ ರೂಮಿಗೆ ಒಕ್ಕಲು ಹೋಯಿತು. ಲೋಕದಲ್ಲಿ ಇನ್ನೆಲ್ಲಾದರೂ ಹೀಗೆ ಆಗಿದ್ದುಂಟೇ?

ಆ ಹೊತ್ತಿಗೆ ಚಿಕ್ಕಪ್ಪನ ಹಟ ನನಗೆ ಅರ್ಥವಾಗಲಿಲ್ಲ. ಮೊಟ್ಟೆ ಬೇಕಾದರೆ ಕಂಬಂ ಬಸ್‌ಸ್ಟ್ಯಾಂಡಿನ ಹತ್ತಿರ ಎಷ್ಟು ಅಂಗಡಿ ಇಲ್ಲ? ಕೇಳಿದೆ. ಅವರು ಡಬ್ಬಿಯ ಮೇಲಿನ ಧೂಳು ಒರೆಸುತ್ತಾ ಹೇಳಿದರು: "ನನಗಲ್ಲಡಾ. ನಿನ್ನ ಚಿಕ್ಕಮ್ಮ ಈ ಮನೆಗೆ ಬಂದಾಗಿಂದ ಒಂದು ದಿವಸ ಸೂಡಾಗಿ, ಬಿಸಿಬಿಸಿಯಾಗಿ, ಮೊಟ್ಟೆ ತಿಂದಿಲ್ಲ. ನಮಗೆಲ್ಲ ಸುಡ್ತಾ ಸುಡ್ತಾ ಕೊಡ್ತಾಳೆ. ಆಮೇಲೆ ಪಾತ್ರೆ ತಿಕ್ಕಿ, ಕೊಟ್ಟಿಗೇಲಿ ತೂಗಾಕಿ, ಕೈಕಾಲು ತೊಳೆದು ಬಂದು ಕೂರೋ ಹೊತ್ತಿಗೆ ಅವಳದು ಆರಿ ಕಲ್ಲು. ಆಡೀಲಿ ಹಿತ್ತಲಲ್ಲಿ ಬೆಂಕಿನೇ ನಿಲ್ಲಲ್ಲ, ಆಗ ಆ ಕಲ್ಲೂ ಇಲ್ಲ. ಒಂದೇ ಒಂದು ಕರಂಡಿ ಆಮ್ಲೆಟ್ ಅವಳು ಸೂಡಾಗಿ ತಿನ್ನಬೇಕು. ಆಮೇಲೆ ಈ ಡಬ್ಬಿ ಕೆಟ್ಟರೂ ಸರಿ."

ಕರಂಡಿ ಅಂದರೆ ನಮ್ಮ ಕಡೆ ಒಗ್ಗರಣೆ ಸೌಟು. ಅದರ ಗುಳಿಯೊಳಗೆ ಎಣ್ಣೆ ಕಾಯಿಸಿ, ಚಿಕ್ಕ ಈರುಳ್ಳಿ, ಮೆಣಸು ಹಾಕಿ ಕಡೆದ ಮೊಟ್ಟೆಯನ್ನು ಹುಯ್ದರೆ ಇಡ್ಲಿಯ ಹಾಗೆ ಉಬ್ಬಿ ಬರುತ್ತದೆ. ಅದು ಬೆಂಕಿಯ ಕೆಲಸ. ಗಾಳಿಯ ಕೈಯಲ್ಲಿ ಮಾಡಿಸುವುದೆಂದರೆ ಬೆಕ್ಕಿನ ಕೈಯಲ್ಲಿ ಬೀಗ ಹಾಕಿಸಿದ ಹಾಗೆ!

ಮೊದಲ ದಿನ ಚಿಕ್ಕಪ್ಪ ಇಡೀ ಮೊಟ್ಟೆಯನ್ನೇ ಚಿಪ್ಪಿನ ಸಮೇತ ಇಟ್ಟರು. ಗುಂಡಿ ತಿರುಗಿಸಿದರು. ಅಷ್ಟರಲ್ಲಿ ಕರೆಂಟು ಹೋಯಿತು. ತೋಟದ ಕರೆಂಟು ನಮ್ಮ ಮಾತು ಕೇಳಿ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಮಧ್ಯಾಹ್ನ ಬಂತು. ಚಿಕ್ಕಪ್ಪ ಸಂತೋಷದಲ್ಲಿ ಮೋಟಾರನ್ನೂ ಒಟ್ಟಿಗೇ ಹಾಕಿದರು. ಮೋಟಾರು ಗುರ್ ಅಂದದ್ದೇ ಡಬ್ಬಿಯ ದೀಪ ಕಣ್ಣು ಮುಚ್ಚಿತು. ಬಳ್ಳಿಗೆ ನೀರೋ, ಚಿಕ್ಕಮ್ಮನಿಗೆ ಮೊಟ್ಟೆಯೋ, ಎರಡರಲ್ಲಿ ಒಂದು! ಅವರು ಮೋಟಾರು ನಿಲ್ಲಿಸಿದರು. ಡಬ್ಬಿಯೊಳಗೆ ಪಟ್ ಎಂದು ಶಬ್ದವಾಯಿತು. ತೆಗೆದು ನೋಡಿದರೆ ಚಿಪ್ಪು ಒಂದು ಮೂಲೆ, ಮೊಟ್ಟೆ ನಾಲ್ಕು ಮೂಲೆ.

ಮತ್ತೊಂದು ದಿನ ಮೊಟ್ಟೆ ಕಡೆದು ನೇರವಾಗಿ ಡಬ್ಬಿಯ ಬುಟ್ಟಿಗೆ ಹುಯ್ದರು. ಬುಟ್ಟಿಯ ತಳದಲ್ಲಿ ತೂತಿರುತ್ತದೆ ಅನ್ನುವುದು ನೋಡಿದ ಯಾರಿಗಾದರೂ ಗೊತ್ತು. ಚಿಕ್ಕಪ್ಪ ನೋಡಲಿಲ್ಲ. ಆ ದಿನ ಕಣಿವೆಯ ಇರುವೆಗಳಿಗೆಲ್ಲ ವಿರುಂದು, ಹಬ್ಬದೂಟ! ಆಮೇಲೆ ಕಾಗದ ಹಾಸಿ ನೋಡಿದರು, ಒಳಗಿನ ಗಾಳಿ ಕಾಗದವನ್ನು ಎತ್ತಿ ಮೇಲಿನ ಕಾದ ಕಂಬಿಗೆ ಅಂಟಿಸಿತು. ಕರಿಬೇವು ಹಾಕಿದರು, ಅದೂ ಹಾರಿ ಅಲ್ಲೇ ಸುಟ್ಟಿತು. ಟಿಫನ್ ಡಬ್ಬಿಯ ಮುಚ್ಚಳದಲ್ಲಿ ಹುಯ್ದರು. ಮೊಟ್ಟೆ ಮುಚ್ಚಳವನ್ನು ಗಂಡನ ಮನೆ ಅಂದುಕೊಂಡು ಬಿಟ್ಟು ಬರಲೇ ಇಲ್ಲ.

ಬಾಗಿಲಲ್ಲಿ ಹೊಗೆ ಕಂಡು ಪಕ್ಕದ ತೋಟದವರು ಕೂಗಿದರು: "ಏನಣ್ಣಾ, ದ್ರಾಕ್ಷಿಗೆ ಮದ್ದು ಹೊಡೀತಿದ್ದೀಯಾ, ಇಲ್ಲಾ ಆಮ್ಲೆಟ್ಟಿಗಾ?"

"ನಿನ್ನ ಬಾಯಿಗೆ ಹೊಡೀತೀನಿ, ಬಾ!" ಅಂದರು ಚಿಕ್ಕಪ್ಪ. ಆದರೆ ಆ ಮಾತು ಅವರ ತಲೆಗೆ ಹೊಕ್ಕಿತ್ತು. ದ್ರಾಕ್ಷಿಯ ಮದ್ದಿಗೆ ಅದರದೇ ಪಂಪು ಇರುವ ಹಾಗೆ, ಕರಂಡಿ ಆಮ್ಲೆಟ್ಟಿಗೆ ಕರಂಡಿಯೇ ಬೇಕು! ಹೊಸ ಕರಂಡಿ ಆಗದು, ಅಂಟುತ್ತದೆ. ಎಣ್ಣೆ ಕುಡಿದು ಕುಡಿದು ಕರ್ರಗೆ ನುಣ್ಣಗಾದ ಕಬ್ಬಿಣದ ಕರಂಡಿ ಬೇಕು. ಅಂಥದ್ದು ಊರಿಗೆಲ್ಲ ಒಂದೇ. ಅದು ಚಿಕ್ಕಮ್ಮನ ಅಡಿಗೆಮನೆಯ ಮೊಳೆಯಲ್ಲಿತ್ತು. ತವರಿನಿಂದ ತಂದದ್ದು. ಅದನ್ನು ಬೇರೆಯವರು ಮುಟ್ಟಿದರೆ ಚಿಕ್ಕಮ್ಮ ಮೂರು ದಿನ ಮಾತಾಡುವುದಿಲ್ಲ.

ಮಾರನೇ ದಿನ ನಾನು ತೋಟಕ್ಕೆ ಹೋದಾಗ ಕಂಡದ್ದೇನು! ಚಿಕ್ಕಪ್ಪ ಕರಂಡಿಯನ್ನು ಮಂಡಿಯ ಕೆಳಗೆ ಒತ್ತಿ ಹಿಡಿದು, ಪೈಪು ಕೊಯ್ಯುವ ಬ್ಲೇಡಿನಿಂದ ಅದರ ಹಿಡಿಯನ್ನು ಕರಕರ ಕೊಯ್ಯುತ್ತಿದ್ದಾರೆ. ಉದ್ದ ಹಿಡಿ ಇದ್ದರೆ ಡಬ್ಬಿಯೊಳಗೆ ಹಿಡಿಸದಲ್ಲ!

"ಅಯ್ಯೋ ಚಿಕ್ಕಪ್ಪ, ಚಿಕ್ಕಮ್ಮ ನಿಮ್ಮನ್ನ ಬಿಡ್ತಾರಾ?"

"ಇನ್ನೇನು ಬಿಡೋದು, ಕೊಯ್ದಾಯ್ತು" ಅಂದರು. ಹಿಡಿ ಕೆಳಗೆ ಬಿತ್ತು. ಆ ಶಬ್ದಕ್ಕೆ ನನ್ನ ಎದೆಯೂ ಬಿತ್ತು.

ಗುಳಿಗೆ ಎಣ್ಣೆ ಸವರಿ ಒಳಗಿಟ್ಟು ಕಾಯಿಸಿದರು. ಮೊಟ್ಟೆ ಹುಯ್ದರು. ಮೋಟಾರು ಮುಟ್ಟಲಿಲ್ಲ. ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕನ್ನಡದಲ್ಲಿ ಬೈಯತೊಡಗಿದರು: "ಏಳು, ಸೋಂಬೇರಿ, ಏಳು!" ಹೊರಗೆ ಆಡಿ ಗಾಳಿ ದ್ರಾಕ್ಷಿ ಚಪ್ಪರವನ್ನು ಅಲ್ಲಾಡಿಸುತ್ತಿತ್ತು. ಆಗ ಬದುವಿನ ಮೇಲೆ, ಹಾರುವ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಚಿಕ್ಕಮ್ಮ ಬರುವುದು ಕಂಡಿತು.

"ಸಾಂಬಾರು ಒಲೆ ಮೇಲೈತೆ, ಒಗ್ಗರಣೆ ಹಾಕೋಕೆ ಕರಂಡಿ ಇಲ್ಲೆ! ಎಲ್ಲಿ?"

ಚಿಕ್ಕಪ್ಪ ಡಬ್ಬಿಯ ಬುಟ್ಟಿಯನ್ನು ಎಳೆದರು. ಒಳಗೆ ಕರಿಯ ಗುಳಿಯಲ್ಲಿ, ಚಿನ್ನದ ಬಣ್ಣದಲ್ಲಿ, ಗುಮ್ಮಟದ ಹಾಗೆ ಉಬ್ಬಿ ಕೂತಿತ್ತು ಕರಂಡಿ ಆಮ್ಲೆಟ್! ಗೆದ್ದರಪ್ಪಾ ಗೆದ್ದರು! ನಾನು ಚಪ್ಪಾಳೆ ತಟ್ಟಲು ಎತ್ತಿದ ಕೈಯನ್ನು ಚಿಕ್ಕಮ್ಮನ ಮುಖ ನೋಡಿ ಹಾಗೇ ಇಳಿಸಿದೆ.

"ಇದಕ್ಕೆ ಹಿಡಿ ಎಲ್ಲಿ?"

ಚಿಕ್ಕಪ್ಪ ಮೋಟಾರಿನ ಸ್ಟಾರ್ಟರ್ ಡಬ್ಬಿಯ ಹಿಂದಿನಿಂದ ಹಿಡಿಯನ್ನು ತೆಗೆದು ಎರಡೂ ಕೈಯಲ್ಲಿ ಒಪ್ಪಿಸಿದರು. ಇನ್ನು ಏರ್ ಫ್ರೈಯರ್ ಬಾವಿಗೆ, ಅದರ ಹಿಂದೆ ಚಿಕ್ಕಪ್ಪ, ಅವರ ಹಿಂದೆ ನಾನು ಎಂದುಕೊಂಡೆ. ಚಿಕ್ಕಮ್ಮ ಹಿಡಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಮೋಟಾರ್ ರೂಮಿನ ಮೆಟ್ಟಿಲ ಮೇಲೆ ಕೂತರು.

"ತನ್ನಿ ಇಲ್ಲಿ. ಆರಿಹೋಗ್ತದೆ."

ಬಾಳೆ ಎಲೆಯ ತುಂಡಿನ ಮೇಲೆ ಕೊಟ್ಟರು. ಚಿಕ್ಕಮ್ಮ ಮುರಿದರು. ಒಳಗಿಂದ ಆವಿ ಎದ್ದಿತು. ಊದಿದರು, ಬಾಯಿಗಿಟ್ಟರು, ಬಾಯಿ ಸುಟ್ಟು "ಸ್ಸ್" ಎಂದರು. ಚಿಕ್ಕಪ್ಪ ಪರೀಕ್ಷೆ ಬರೆದ ಮಗುವಿನ ಹಾಗೆ ನಿಂತಿದ್ದರು.

"ಸೂಡು ಐತಾ?"

ಚಿಕ್ಕಮ್ಮ ಇನ್ನೊಂದು ತುತ್ತು ಮುಗಿಸಿ ಹೇಳಿದರು: "ನಮ್ಮವ್ವ ಹಿಂಗೇ ಮಾಡಿ ಕೊಡ್ತಿದ್ಲು. ಈ ಕರಂಡೀಲೇ."

"ಯಾವ ಕರಂಡೀಲಿ?!"

"ಇದೇ. ಓಡೈಪಟ್ಟೀಲಿ ಇದು ಮೊಟ್ಟೆ ಕರಂಡಿ. ಅವ್ವನ ನೆನಪಿಗೆ ಅಂತ ತಂದೆ. ನಿಮ್ಮವ್ವ ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಚೆನ್ನಾಗಿ ತೊಳೆದು ಮೊಳೆಗೆ ತೂಗಾಕಿದೆ."

ಎಂಥಾ ಮಾತು! ಮೊಟ್ಟೆ ಕಾಲಿಡದ ಆ ಅಡಿಗೆಮನೆಯಲ್ಲಿ ಇಷ್ಟು ವರ್ಷ ಅಜ್ಜಿಯ ಸಾಂಬಾರಿಗೆ, ದೇವರ ಪೊಂಗಲಿಗೆ ಒಗ್ಗರಣೆ ಬಿದ್ದದ್ದೆಲ್ಲ ಮೊಟ್ಟೆ ಕರಂಡಿಯಿಂದ! ಚಿಕ್ಕಪ್ಪ ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದು ನಗಲು ಶುರು ಮಾಡಿದರು. ಮೋಟಾರು ಓಡಿದರೂ ಅಷ್ಟು ಸದ್ದು ಬರದು. "ನಾನು ಗಾಳೀನ ಕಟ್ಟಾಕಿದೆ ಅಂತ ಮೆರೀತಿದ್ದೆ, ಇವಳು ನಮ್ಮವ್ವನ್ನೇ ಕಟ್ಟಾಕಿದ್ದಾಳಲ್ಲೋ!" ಚಿಕ್ಕಮ್ಮನಿಗೂ ನಗು ತಡೆಯಲಾಗಲಿಲ್ಲ. "ಇನ್ನೊಂದು ಹಾಕಿ. ಉಪ್ಪು ಕಮ್ಮಿ" ಅಂದರು.

ಡಬ್ಬಿ ಇವತ್ತಿಗೂ ಮನೆಯೊಳಗೆ ಹೋಗಿಲ್ಲ. ಅಜ್ಜಿಯ ಮಾತು ಹಾಗೇ ಉಳಿದಿದೆ. ಕರೆಂಟು ಬಂದದ್ದೇ ಚಿಕ್ಕಮ್ಮ "ನೀರು ತಿರುಗಿಸಿ ಬರ್ತೀನಿ" ಎಂದು ತೋಟಕ್ಕೆ ಹೊರಡುತ್ತಾರೆ. ದ್ರಾಕ್ಷಿಗೆ ನೀರು ಸ್ವಲ್ಪ ತಡವಾಗಿ ಸಿಗುತ್ತದೆ, ಅಷ್ಟೇ. ಕೊಯ್ದ ಹಿಡಿಯನ್ನು ಚಿಕ್ಕಪ್ಪ ಬಳ್ಳಿ ಕಟ್ಟುವ ತಂತಿಯಿಂದ ಕೊಕ್ಕೆ ಮಾಡಿ ಗುಳಿಗೆ ಸೇರಿಸಿದ್ದಾರೆ, ಬೇಕಾದಾಗ ಹಾಕಬಹುದು, ಬೇಡದಾಗ ಬಿಚ್ಚಬಹುದು. ಅದನ್ನು ಬಂದವರಿಗೆಲ್ಲ ತೋರಿಸುತ್ತಾರೆ.

ಒಂದು ಬರೆಯುವುದು ಬಿಟ್ಟುಹೋಯಿತು. ಆ ದಿನ ಎರಡನೆಯ ಆಮ್ಲೆಟ್ ಎಲೆಗೆ ಬಿದ್ದಾಗ ಗಾಳಿ ಜೋರಾಗಿ ಬೀಸಿತು. ಮೆಟ್ಟಿಲ ಮೇಲೆ ಮರೆಯಿಲ್ಲ. ಗಾಳಿಯನ್ನು ಅಷ್ಟು ದಿನ ಕೊಂಡಾಡಿದ ನಮ್ಮ ಚಿಕ್ಕಪ್ಪ ಹೆಗಲ ಮೇಲಿನ ಟವೆಲನ್ನು ತೆಗೆದು ಎರಡೂ ಕೈಯಲ್ಲಿ ಅಗಲವಾಗಿ ಹಿಡಿದು, ಬೆನ್ನನ್ನು ಗಾಳಿಗೆ ಕೊಟ್ಟು ಚಿಕ್ಕಮ್ಮನ ಮುಂದೆ ನಿಂತರು. ಟವೆಲು ಪಟಪಟ ಹೊಡೆದುಕೊಳ್ಳುತ್ತಿತ್ತು, ಆದರೂ ಕೈ ಇಳಿಸಲಿಲ್ಲ. "ಮೆಲ್ಲಗೆ ತಿನ್ನು. ನಾನು ನಿಂತಿದ್ದೀನಿ" ಅಂದರು. ಬಳ್ಳಿಗಳನ್ನು ತಮಿಳಿನಲ್ಲಿ ಹೊಗಳುವ ದನಿಯದು. ಮಾತು ಮಾತ್ರ ಕನ್ನಡ.

ನಿಮ್ಮ ಮನೆಯಲ್ಲೂ ಎಲ್ಲರಿಗೂ ಬಿಸಿ ಬಡಿಸಿ ತಾವು ಆರಿದ್ದನ್ನು ತಿನ್ನುವವರು ಒಬ್ಬರಾದರೂ ಇರುತ್ತಾರೆ. ಅವರಿಗಾಗಿ ಗಾಳಿಗೆ ಬೆನ್ನು ಕೊಟ್ಟು ನಿಂತ ಹುಚ್ಚರು ಯಾರಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ. ನಾನು ಓದುವುದೂ ನಿಧಾನವೇ, ಆದರೆ ಒಂದೂ ಬಿಡದೆ ಓದುತ್ತೇನೆ. ಚಿಕ್ಕಮ್ಮನಿಗೂ ಓದಿ ಹೇಳುತ್ತೇನೆ, ಮೋಟಾರ್ ರೂಮಿನ ಮೆಟ್ಟಿಲ ಮೇಲೆ.